ಭಾನುವಾರ ಓಡದ ಓಟಗಾರ

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ನಿಗದಿಯಾಗಿತ್ತು. ಸ್ಕಾಟ್ಲೆಂಡ್‌ನ ಎರಿಕ್ ಲಿಡ್ಡೆಲ್‌ಗೆ ಅದೇ ಅಚ್ಚುಮೆಚ್ಚಿನ ಓಟ. ಆದರೆ ಭಾನುವಾರ ದೇವರ ದಿನ, ಅಂದು ಓಡಲಾರೆ ಎಂದ ಈ ಕ್ರೈಸ್ತ ಯುವಕ. ದೇಶದ ಗೌರವ ಮುಖ್ಯವಲ್ಲವೇ ಎಂದು ಹಲವರು ಆಕ್ಷೇಪಿಸಿದರು. ಆತ ಮಣಿಯಲಿಲ್ಲ. ಹಾಗೆಂದು ಸುಮ್ಮನೆ ಕೂರಲೂ ಇಲ್ಲ. ವೇಳಾಪಟ್ಟಿ ಮೊದಲೇ ತಿಳಿದಿದ್ದರಿಂದ 400 ಮೀಟರ್ ಓಟಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ. ಜುಲೈ 11ರಂದು 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದ.

ಮರುವರ್ಷ ಚೀನಾಕ್ಕೆ ತೆರಳಿ ಶಿಕ್ಷಕನಾದ. ಮಹಾಯುದ್ಧದ ಕಾಲದಲ್ಲಿ ಜಪಾನೀಯರ ಬಂಧನ ಶಿಬಿರದಲ್ಲೂ ಮಕ್ಕಳಿಗೆ ಪಾಠ ಹೇಳಿದ. 1945ರಲ್ಲಿ ಅಲ್ಲಿಯೇ ತೀರಿಕೊಂಡ.

ಪದಕ ಬಾರದಿದ್ದರೂ ಆ ನಿಲುವಿನ ಬೆಲೆ ಕುಂದುತ್ತಿರಲಿಲ್ಲ. ಪ್ರಾರ್ಥನೆಗೆ ಹೊರಟ ಹುಡುಗನನ್ನು ಸಹಪಾಠಿಗಳು ಹಂಗಿಸಿದರೆ ಆತ ವಾದಕ್ಕಿಳಿಯಬೇಕಿಲ್ಲ. ನಂಬಿದಂತೆ ನಡೆದು, ತನ್ನ ಓದನ್ನು ಶ್ರದ್ಧೆಯಿಂದ ಮಾಡಿದರೆ ಅದೇ ಉತ್ತರ.