ಸೀಟಿ ನಮ್ಮ ಕೈಗೂ ಬರಲಿ

ಕಳೆದ ವರ್ಷ ನಮ್ಮ ತಾಲ್ಲೂಕಿನ ಶಾಲೆಯೊಂದರಲ್ಲಿ ಹುಡುಗಿಯರ ಖೋಖೋ ಪಂದ್ಯ. ಮಗಳು ಆಡುತ್ತಿದ್ದಳು, ನಾನು ಗೆರೆಯಾಚೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಎದುರು ತಂಡದ ಹುಡುಗಿ 'ಖೋ' ಸಿಗುವ ಮೊದಲೇ ಎದ್ದು ಓಡಿ ನಮ್ಮವಳನ್ನು ಮುಟ್ಟಿದಳು. ಸೀಟಿ ಊದಿ ಔಟ್ ಕೊಟ್ಟೇಬಿಟ್ಟರು. "ಸರ್, ಫೌಲ್ ಅದು" ಅಂದೆ. "ಅಕ್ಕಾರ, ಸುಮ್ನ ನಿಂದರ್ರಿ, ನಿಮಗೇನು ಗೊತ್ತಾಗ್ತದ?" ಎಂಬ ಉತ್ತರ ಬಂತು. ಹೊರಗೆ ನಿಂತವರು ತೀರ್ಪು ಪ್ರಶ್ನಿಸಬಾರದು, ಒಪ್ಪುತ್ತೇನೆ. ಆದರೆ ಹೈಸ್ಕೂಲಿನಲ್ಲಿ ಮೂರು ವರ್ಷ ಆಡಿದವಳಿಗೆ ಆ ಕೊನೆಯ ಮಾತು ಚುಚ್ಚಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಶಾಲೆಯಲ್ಲಿ ಖೋಖೋ ಆಡಿದ ನನ್ನಂಥವರು ಎಷ್ಟು ಮಂದಿ ಇಲ್ಲ! ಎರಡು ಕಂಬ, ಸುಣ್ಣದ ಗೆರೆ ಇದ್ದರೆ ಆಯಿತು. ಮದುವೆಯಾದ ಮೇಲೆ ಆಟವೂ ಮುಗೀತು ಅಂದುಕೊಳ್ಳುತ್ತೇವೆ. ಯಾಕೆ, ಅಂಪೈರ್ ಆಗಬಹುದಲ್ಲ?

ಆಡಿ ಗೊತ್ತಿದೆ, ತರಬೇತಿ ಯಾಕೆ ಅನ್ನಬೇಡಿ. ಆಡುವಾಗ ನಮ್ಮ ಕಣ್ಣೆಲ್ಲ ಓಡುವವಳ ಮೇಲೆ. ಅಂಪೈರ್ ಆದವರು ಖೋ ಕೊಡುವವಳ ಕೈ, ಏಳುವವಳ ಪಾದ, ಮಧ್ಯದ ಪಟ್ಟಿ ಮೂರನ್ನೂ ಒಟ್ಟಿಗೆ ನೋಡಬೇಕು. ಹಿಂದಿನಿಂದಲೇ ಖೋ ಕೊಟ್ಟಳೋ, ಕೇಳುವಂತೆ ಕೂಗಿದಳೋ, ಹಿಡಿದ ದಿಕ್ಕು ಬದಲಿಸಿದಳೋ, ಎಲ್ಲ ಕ್ಷಣದಲ್ಲಿ ತೀರ್ಮಾನವಾಗಬೇಕು. ಪಟ್ಟಿಯ ಆಚೆ ಒಬ್ಬರು, ಈಚೆ ಒಬ್ಬರು ಅಂಪೈರ್ ಇರುತ್ತಾರೆ. ಯಾರು ಯಾವುದನ್ನು ನೋಡಬೇಕೆಂಬ ಹೊಂದಾಣಿಕೆ ಬೇಕು. ಇದು ಮನೇಲಿ ಕೂತು ನಿಯಮದ ಪುಸ್ತಕ ಓದಿದರೆ ಬರೋದಲ್ಲ. ಶಿಬಿರದಲ್ಲಿ ಬಿಸಿಲಿಗೆ ನಿಂತು, ತಪ್ಪು ಸೀಟಿ ಊದಿ, ಬಲ್ಲವರಿಂದ ತಿದ್ದಿಸಿಕೊಂಡೇ ಬರಬೇಕು. ಪರೀಕ್ಷೆ ಪಾಸಾಗಿ ನಿಂತ ಹೆಂಗಸಿಗೆ 'ನಿಮಗೇನು ಗೊತ್ತು' ಅನ್ನುವುದು ಅಷ್ಟು ಸುಲಭವಲ್ಲ.

ಕ್ರಿಕೆಟ್‌ನಲ್ಲಿ 2023ರಲ್ಲೇ ವೃಂದಾ ರಾಠಿ, ಎನ್. ಜನನಿ, ಗಾಯತ್ರಿ ವೇಣುಗೋಪಾಲನ್ ಗಂಡಸರ ರಣಜಿ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಂತರು. 2025ರ ಜನವರಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಚೈತ್ರಾ ಇದ್ದರು. ಆಡೋದಕ್ಕೆ ಹಳ್ಳಿ ಹುಡುಗಿಯರು ಬೇಕು, ತೀರ್ಪು ಕೊಡೋದಕ್ಕೆ ಬೇಡವೇ?

ದುಡ್ಡಿನ ಆಸೆಗೆ ಹೋಗಬೇಡಿ, ಇದರಲ್ಲಿ ಮನೆ ನಡೆಯೋದಿಲ್ಲ. ಹತ್ತಿರದ ಶಾಲೆಯ ದೈಹಿಕ ಶಿಕ್ಷಕರನ್ನು ಕೇಳಿ, ಶಿಬಿರ, ಪರೀಕ್ಷೆ ಯಾವಾಗ ಅಂತ ವಿಚಾರಿಸಿಡಿ. ನಾನೂ ವಿಚಾರಿಸಿದ್ದೇನೆ. ಹೆಸರು ಕೊಡ್ತೀನಿ ಅಂದಾಗ ಮನೆಯವರು, "ಅಷ್ಟು ದಿನ ಅಡುಗೆ?" ಅಂದರು. ಒಲೆ ಮುಂದಿದ್ದ ನಮ್ಮತ್ತೆ, "ಹೋಗಿ ಬಾರವ್ವ, ರೊಟ್ಟಿ ನಾ ಬಡೀತೀನಿ" ಅಂದರು.