ಹೂತಿಟ್ಟ ತಲಾಂತು

ಶಿಡ್ಲಘಟ್ಟದ ರೇಷ್ಮೆನೂಲು ಬಿಚ್ಚುವ ಮನೆಗಳಲ್ಲಿ ಪುಸ್ತಕವೊಂದರಿಂದಲೇ ಕಲಿಯಲಾಗದ ವಿದ್ಯೆಯಿದೆ. ಬಿಸಿನೀರಿನಲ್ಲಿ ಗೂಡು ಕಡಿಮೆ ಬೆಂದರೆ ಅಂಟು ಸಡಿಲಗೊಳ್ಳದೆ ಎಳೆ ಕಡಿಯುತ್ತದೆ. ಹೆಚ್ಚು ಬೆಂದರೆ ರೇಷ್ಮೆ ವ್ಯರ್ಥವಾಗುತ್ತದೆ. ಒಂದು ಗೂಡಿನ ಎಳೆ ಮುಗಿಯುತ್ತಲೇ ಮತ್ತೊಂದನ್ನು ಸೇರಿಸದಿದ್ದರೆ ನೂಲಿನ ಗಾತ್ರ ಕೆಡುತ್ತದೆ. ಅನುಭವಿ ಕೆಲಸಗಾರ್ತಿಯ ಕಣ್ಣು, ಬೆರಳುಗಳು ಇದನ್ನು ಬಲ್ಲವು. ಆಕೆ ಪಕ್ಕದಲ್ಲಿ ಕುಳಿತ ಹೊಸಬಳಿಗೆ ಹೇಳಿಕೊಟ್ಟರಷ್ಟೇ ಆ ವಿದ್ಯೆ ಉಳಿದೀತು. ಆದರೆ ಆಕೆ ಏಕೆ ಹೇಳಿಕೊಡಬೇಕು?

ಗೌರಿಬಿದನೂರಿನ ಕಾರ್ಖಾನೆ, ಚಿಂತಾಮಣಿಯ ಅಂಗಡಿ, ಚಿಕ್ಕಬಳ್ಳಾಪುರದ ಕಚೇರಿ, ಎಲ್ಲಿ ದುಡಿಯುವವರಿಗೂ ಈ ಪ್ರಶ್ನೆ ಹೊಸದಲ್ಲ. ‘ನಾನು ಬಲ್ಲದ್ದನ್ನು ಇವನೂ ಕಲಿತರೆ ನನ್ನ ಗತಿಯೇನು?’ ಬಲ್ಲದ್ದನ್ನು ಬಚ್ಚಿಡುವವನನ್ನು ನಾವು ಸ್ವಾರ್ಥಿಯೆಂದು ಜರೆಯುತ್ತೇವೆ. ಅವನನ್ನು ಕಾಡುವುದು ಅನೇಕ ವೇಳೆ ಸ್ವಾರ್ಥವಲ್ಲ, ಭಯ.

ಮತ್ತಾಯನ ಶುಭಸಂದೇಶದಲ್ಲಿ ತಲಾಂತನ್ನು ನೆಲದಲ್ಲಿ ಹೂತಿಟ್ಟ ಸೇವಕನನ್ನು ನೆನೆಯೋಣ. ಅವನು ಕೊಟ್ಟ ಕಾರಣವಾದರೂ ಏನು? ಧಣಿ ಕಠಿಣ ಮನುಷ್ಯನೆಂದು ತಿಳಿದು ಅಂಜಿದೆನೆಂದೇ. ಆ ಅಂಜಿಕೆಯನ್ನು ಪ್ರಭು ನೆಪವಾಗಿ ಒಪ್ಪಲಿಲ್ಲ, ನಿಜ. ಆದರೆ ಅಂಜಿಕೆಯಿರುವಲ್ಲಿ ವರದಾನ ಮಣ್ಣು ಸೇರುತ್ತದೆಂಬುದನ್ನು ಆ ಸಾಮತಿ ಮರೆಮಾಚುವುದೂ ಇಲ್ಲ.

ಆದುದರಿಂದ ಮೊದಲ ಮಾತು ಕೆಲಸ ಮಾಡಿಸುವವರಿಗೆ. ಕಡಿಮೆ ಕೂಲಿಯ ಹೊಸಬನು ಪಳಗಿದೊಡನೆ ಹಳಬನನ್ನು ಕಳುಹಿಸುವಲ್ಲಿ, ಕಿರಿಯನ ಸಲಹೆ ಹಿರಿಯನ ಹೆಸರಿಗೆ ಸಲ್ಲುವಲ್ಲಿ, ತಿಳಿಯದೆ ಕೇಳಿದವನನ್ನು ನಗೆಪಾಟಲು ಮಾಡುವಲ್ಲಿ ಯಾರು ಬಾಯಿ ಬಿಟ್ಟಾರು? ಈ ಕಾಲದಲ್ಲಿ ಅರಿವು, ಕುಶಲತೆಗಳೂ ಭೂಮಿಯಷ್ಟೇ ಮಹತ್ವದ ಆಸ್ತಿಯೆಂದು ಜಗದ್ಗುರು ಎರಡನೇ ಜಾನ್ ಪಾಲರು 1991ರ ತಮ್ಮ ಪರಿಪತ್ರದಲ್ಲಿ ಬೋಧಿಸಿದರು. ಬಡ ಕೆಲಸಗಾರ್ತಿಗೆ ಇರುವ ಆಸ್ತಿ ಅದೊಂದೇ. ಅದನ್ನು ಹಂಚಿಕೊಳ್ಳೆಂದು ಕೇಳುವವನು ಆಕೆಯ ಕೆಲಸಕ್ಕೆ ಭದ್ರತೆ, ಕಲಿಸಿದ ಶ್ರಮಕ್ಕೆ ಕೂಲಿ, ಗುರುವಿಗೆ ಸಲ್ಲುವ ಗೌರವ ಇವನ್ನು ಕೊಡಲೇಬೇಕು. ಇದು ದಾನವಲ್ಲ, ನ್ಯಾಯ.

ಎರಡನೆಯ ಮಾತು ನಮ್ಮೆಲ್ಲರಿಗೆ. ಭೂಮಿಯನ್ನು ಹಂಚಿದರೆ ಪಾಲು ಕಿರಿದಾಗುತ್ತದೆ. ವಿದ್ಯೆಯನ್ನು ಹಂಚಿದವನಲ್ಲಿ ಅದು ಮೊದಲಿನಷ್ಟೇ ಇರುತ್ತದೆ, ಇನ್ನಷ್ಟು ತಿಳಿಯಾಗುತ್ತದೆ. ನಮಗೂ ಯಾರೋ ಒಬ್ಬರು ಕೈಹಿಡಿದು ಕಲಿಸಿದ್ದರಲ್ಲವೆ? ಆ ಋಣ ತೀರುವುದು ಮತ್ತೊಬ್ಬರಿಗೆ ಕಲಿಸುವುದರಿಂದ ಮಾತ್ರ.

1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಗೊತ್ತುಪಡಿಸಿದರು. ಆ ಬಡಗಿ ತನ್ನ ಕಸುಬನ್ನು ಬಾಲಯೇಸುವಿಗೆ ಧಾರೆಯೆರೆದನೆಂದು ನಮ್ಮ ಪರಂಪರೆ ನಂಬುತ್ತದೆ. ಕಲಿತವನು ತನ್ನನ್ನು ಮೀರಿಸಿಯಾನೆಂದು ಆತ ಅಂಜಲಿಲ್ಲ. ಅಂಜಬೇಕಾಗಿಯೂ ಇರಲಿಲ್ಲ, ಅಲ್ಲಿ ಪ್ರೀತಿಯಿತ್ತು. ನಮ್ಮ ಕೆಲಸದ ಮನೆಗಳೂ ಹಾಗಾಗಲಿ.