ನಕಲು ಉಳಿದರೆ ಊರು ಉಳಿದಂತೆಯೇ?

ಪೆಸಿಫಿಕ್ ಸಾಗರದ ತುವಾಲು ಒಂಬತ್ತು ಪುಟ್ಟ ದ್ವೀಪಗಳ ದೇಶ. ಜನಸಂಖ್ಯೆ ಸುಮಾರು 11 ಸಾವಿರ. ನೆಲದ ಬಹುಭಾಗ ಸಮುದ್ರಮಟ್ಟಕ್ಕಿಂತ ಎರಡು–ಮೂರು ಮೀಟರ್ ಎತ್ತರದಲ್ಲಷ್ಟೇ ಇದೆ. 2021ರಲ್ಲಿ ಅಲ್ಲಿನ ಸಚಿವ ಸೈಮನ್ ಕೋಫೆ ಮೊಣಕಾಲುದ್ದ ನೀರಿನಲ್ಲಿ ನಿಂತು ಹವಾಮಾನ ಸಮ್ಮೇಳನಕ್ಕಾಗಿ ಮಾಡಿದ ಭಾಷಣದ ವಿಡಿಯೊವನ್ನು ಹಲವರು ನೋಡಿರಬಹುದು. ಮರುವರ್ಷ ಅವರು, ದೇಶವನ್ನೇ ಡಿಜಿಟಲ್ ರೂಪದಲ್ಲಿ ಉಳಿಸಿಕೊಳ್ಳುವ ಯೋಜನೆ ಪ್ರಕಟಿಸಿದರು.

ಬಿ.ಇ. ಓದುತ್ತಿರುವ ನನ್ನನ್ನು ಮೊದಲು ಸೆಳೆದದ್ದು ಈ ಯೋಜನೆಯೇ. ಎಂಥ ಒಳ್ಳೆಯ ಪ್ರಾಜೆಕ್ಟ್ ಎನಿಸಿತು. ಓದುತ್ತಾ ಹೋದಂತೆ ‘ಪುಲಕ’ದ ವಿಷಯ ಸಿಕ್ಕಿತು. ಅದು ನಮ್ಮ ಕೆಸುವಿನ ಬಳಗಕ್ಕೆ ಸೇರಿದ ಗೆಡ್ಡೆ. ಹವಳದ ನೆಲವನ್ನು ಸಿಹಿನೀರು ಸಿಗುವವರೆಗೆ ತೋಡಿ, ಎಲೆಗೊಬ್ಬರ ಹಾಕಿ ಬೆಳೆಸುತ್ತಾರೆ. ಈಗ ಆ ಗುಂಡಿಗಳಿಗೆ ಉಪ್ಪುನೀರು ನುಗ್ಗುತ್ತಿದೆ. ಗುಂಡಿಯ ಅಳತೆಯನ್ನು ಸ್ಕ್ಯಾನ್ ಮಾಡಬಹುದು. ಯಾವ ಎಲೆ, ಎಷ್ಟು, ಯಾವಾಗ ಎಂದು ಬಲ್ಲ ಹಿರಿಯರ ಕೈಗುಣವನ್ನು?

ಹಾಗೆಂದು ಅಲ್ಲಿನವರು ಕೈಕಟ್ಟಿ ಕುಳಿತಿಲ್ಲ. ರಾಜಧಾನಿ ಫುನಾಫುಟಿಯಲ್ಲಿ ಮರಳು ತುಂಬಿ ಏಳು ಹೆಕ್ಟೇರಿಗೂ ಹೆಚ್ಚು ಎತ್ತರದ ನೆಲ ನಿರ್ಮಿಸಿಕೊಂಡಿದ್ದಾರೆ. ಸಮುದ್ರ ಏರಿ ನೆಲ ಹೋದರೂ ದೇಶ ಅಳಿಯದು ಎಂದು 2023ರಲ್ಲಿ ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ. ಅದೇ ವರ್ಷ ಆಸ್ಟ್ರೇಲಿಯಾದೊಂದಿಗೆ ‘ಫಲೆಪಿಲಿ’ ಒಪ್ಪಂದಕ್ಕೆ ಸಹಿ ಹಾಕಿದರು. ನೆರೆಹೊರೆಯವರು ಒಬ್ಬರಿಗೊಬ್ಬರು ಆಗುವುದು ಎಂಬುದು ಆ ಪದದ ಭಾವ. ಇದರಂತೆ ವರ್ಷಕ್ಕೆ 280 ಜನರವರೆಗೆ ಅಲ್ಲಿ ನೆಲೆಸಬಹುದು. ಆಯ್ಕೆ ಚೀಟಿ ಎತ್ತಿದಂತೆ. 2025ರ ಮೊದಲ ಸುತ್ತಿಗೆ ಮನೆಮಂದಿಯೂ ಸೇರಿ ದೇಶದ ಅರ್ಧಕ್ಕಿಂತ ಹೆಚ್ಚು ಜನ ಹೆಸರು ಕೊಟ್ಟರು.

ಅವರನ್ನು ದೂರುವಂತಿಲ್ಲ. ನಮ್ಮ ತರಗತಿಯಲ್ಲೂ ವಿದೇಶದ ಕನಸಿಲ್ಲದವರು ಕಡಿಮೆ. ಆದರೆ ನಮಗೆ, ಹಬ್ಬಕ್ಕೆ ಬಂದರೆ ಊರು ಇದ್ದಲ್ಲೇ ಇರುತ್ತದೆ ಎಂಬ ಧೈರ್ಯವಿದೆ. ತುವಾಲುವಿನ ನಮ್ಮ ವಯಸ್ಸಿನವರಿಗೆ ಆ ಧೈರ್ಯವಿಲ್ಲ. ಭೂಮಿಯನ್ನು ಬಿಸಿಯಾಗಿಸಿದ್ದರಲ್ಲಿ ಅವರ ಪಾಲಾದರೂ ಎಷ್ಟು? ಇಲ್ಲವೆನ್ನುವಷ್ಟು ಕಡಿಮೆ.

ಆದ್ದರಿಂದ ದ್ವೀಪವಾಸಿಗಳಿಗೆ ವೀಸಾ ಕೊಟ್ಟರೆ ಜಗತ್ತಿನ ಹೊಣೆ ಮುಗಿಯುವುದಿಲ್ಲ. ದೊಡ್ಡ ದೇಶಗಳು ಹೊಗೆ ಕಡಿಮೆ ಮಾಡಬೇಕು. ಉಳಿಯಬಯಸುವವರಿಗೆ ನೆಲ, ಕುಡಿಯುವ ನೀರು, ಬೆಳೆ ಉಳಿಸಲು ನೆರವಾಗಬೇಕು. ಗೋಡೆ ಕಟ್ಟುವುದು, ಮಾದರಿ ರಚಿಸುವುದು ಎಂಜಿನಿಯರುಗಳಾಗಲಿರುವ ನಮ್ಮಂಥವರ ಕೆಲಸ. ಅದು ಬೇಕು. ಆದರೆ ಪುಲಕದ ಗುಂಡಿಯ ಪಕ್ಕ ಕುಳಿತು ಆ ಹಿರಿಯರನ್ನು ಕೇಳುವುದು ಅದಕ್ಕೂ ಮೊದಲಿನ ಕೆಲಸ. ಡಿಜಿಟಲ್ ನಕಲು ನೆನಪನ್ನು ಕಾಪಾಡೀತು. ಮುಂದಿನ ಬೆಳೆಯ ಗೆಡ್ಡೆ ನೆಡಲು ಜನ ಅಲ್ಲೇ ಇರಬೇಕು.